ಕಾರಿನ ಕಂಪ್ಯೂಟರಿಗೂ ಒಂದು ತಾಳೆ ಚೀಟಿ: ರೀಮ್ಯಾಪ್ ಮತ್ತು ಚೆಕ್‌ಸಮ್

ಪೆರ್ಲದಲ್ಲಿರುವ ನನ್ನ ಭಾವನ ಹಳೆಯ ಡೀಸೆಲ್ ಕಾರು ಕಳೆದ ಮಾರ್ಚಿನಲ್ಲಿ ನಾಲ್ಕು ದಿನ ಅಂಗಳ ಬಿಟ್ಟು ಕದಲಲಿಲ್ಲ. ಸುತ್ತ ಒಣಗಲು ಹರಡಿದ ಅಡಿಕೆ, ನಡುವೆ ಸ್ಟಾರ್ಟ್ ಆಗದ ಕಾರು. ಬ್ಯಾಟರಿ ಸರಿ ಇತ್ತು. ಡೀಸೆಲ್ ಇತ್ತು. ಇಂಜಿನ್ನಿಗೂ ಏನೂ ಆಗಿರಲಿಲ್ಲ. ಏರುರಸ್ತೆಯಲ್ಲಿ ಎಳೆತ ಸಾಲದು ಅಂತ ಭಾವ ರೀಮ್ಯಾಪ್ ಮಾಡಿಸಿದ್ದರು, ಅಂದರೆ ಇಂಜಿನ್ನಿನ ಕಂಪ್ಯೂಟರಿನ ಅಂಕಿ ತಿದ್ದಿಸಿದ್ದರು, ಅಷ್ಟೇ. ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದ ಹುಡುಗ ಕೆಲಸ ಮುಗಿಸಿ ಕೀ ತಿರುಗಿಸಿದ. ಸ್ಟಾರ್ಟರ್ ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಎರಡು ಸಲ ನೋಡಿ, "ಚೆಕ್‌ಸಮ್ ಪ್ರಾಬ್ಲೆಮ್ ಅಣ್ಣ, ಫೈಲ್ ಮಾಡಿದವರಲ್ಲಿ ಕೇಳಿ ಪುನಃ ಬರ್ತೇನೆ" ಅಂತ ಹೇಳಿ ಹೋದ.

ಅವನು ಹೋದ ಕೂಡಲೇ ನನಗೆ ಫೋನ್ ಬಂತು. "ಎಂತ ಭಾವ, ಈ ಚೆಕ್‌ಸಮ್ ಅಂದ್ರೆ?"

ಈಗ ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ರೀಮ್ಯಾಪ್ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಾಡಿಸುವವರಿಗೆ ಎಷ್ಟು ಪವರ್ ಜಾಸ್ತಿ ಆಗುತ್ತದೆ ಅಂತ ಗೊತ್ತಿರುತ್ತದೆ. ಒಳಗೆ ಏನು ಬದಲಾಯಿತು ಅಂತ ಗೊತ್ತಿರುವುದಿಲ್ಲ. ಫೋನಿನಲ್ಲಿ ಭಾವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಇಂಜಿನ್ನಿನ ಕಂಪ್ಯೂಟರಿನಲ್ಲಿ ಏನಿದೆ?

ಈಗಿನ ಪ್ರತಿ ಕಾರಿನಲ್ಲೂ ಇಸಿಯು (ಇಂಜಿನ್ ಕಂಟ್ರೋಲ್ ಯುನಿಟ್) ಎಂಬ ಪೆಟ್ಟಿಗೆ ಇದೆ. ಅಂಗೈಯಗಲದ ಲೋಹದ ಡಬ್ಬಿ. ಎಷ್ಟು ಡೀಸೆಲ್ ಚಿಮ್ಮಬೇಕು, ಯಾವ ಕ್ಷಣದಲ್ಲಿ ಚಿಮ್ಮಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಅದರೊಳಗೆ ಫ್ಲ್ಯಾಶ್ ಮೆಮೊರಿ ಇದೆ, ಪೆನ್ ಡ್ರೈವಿನಲ್ಲಿ ಇರುವಂಥದ್ದೇ. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಸಂಗತಿ ಇರುತ್ತದೆ. ಒಂದು, ಕೆಲಸ ಹೇಗೆ ಮಾಡಬೇಕು ಎಂಬ ಪ್ರೋಗ್ರಾಂ. ಇನ್ನೊಂದು, ಆ ಪ್ರೋಗ್ರಾಂ ನೋಡಿಕೊಳ್ಳುವ ಕೋಷ್ಟಕಗಳು. ಇವುಗಳಿಗೆ ಮ್ಯಾಪ್ ಅನ್ನುತ್ತಾರೆ.

ಮ್ಯಾಪ್ ಅಂದರೆ ಬಸ್ಸಿನ ಟಿಕೆಟ್ ದರದ ಪಟ್ಟಿಯ ಹಾಗೆ. ಎಡಗಡೆ ಹತ್ತಿದ ಸ್ಟಾಪ್, ಮೇಲ್ಗಡೆ ಇಳಿಯುವ ಸ್ಟಾಪ್, ಎರಡೂ ಕೂಡುವ ಮನೆಯಲ್ಲಿ ದರ. ಇಲ್ಲಿ ಎಡಗಡೆ ಇಂಜಿನ್ ತಿರುಗುವ ವೇಗ, ಮೇಲ್ಗಡೆ ಪೆಡಲ್ ಎಷ್ಟು ಒತ್ತಿದ್ದೀರಿ ಎಂಬುದು. ಕೂಡುವ ಮನೆಯಲ್ಲಿ ಒಂದು ಅಂಕಿ. ನಿಮಗೆ ಎಷ್ಟು ಎಳೆತ ಬೇಕು ಅಂತ ಅದು ಹೇಳುತ್ತದೆ. ಆ ಎಳೆತಕ್ಕೆ ಎಷ್ಟು ಡೀಸೆಲ್, ಆ ಡೀಸೆಲಿಗೆ ಎಷ್ಟು ಒತ್ತಡ, ಗಾಳಿ ಕಡಿಮೆ ಇದ್ದರೆ ಹೊಗೆ ಬಾರದ ಹಾಗೆ ಡೀಸೆಲ್ ಎಲ್ಲಿಗೆ ನಿಲ್ಲಿಸಬೇಕು, ಗೇರ್‌ಬಾಕ್ಸ್ ತಾಳುವ ಮಿತಿ ಎಷ್ಟು ಎಂಬುದಕ್ಕೆಲ್ಲ ಬೇರೆ ಬೇರೆ ಮ್ಯಾಪ್‌ಗಳಿವೆ. ಒಂದೇ ಇಸಿಯುವಿನಲ್ಲಿ ಇಂಥ ನೂರಾರು ಪಟ್ಟಿಗಳಿರುತ್ತವೆ.

ರೀಮ್ಯಾಪ್ ಅಂದರೆ ಈ ಫೈಲನ್ನು ಹೊರಗೆ ತೆಗೆದು, ಕೆಲವು ಪಟ್ಟಿಗಳ ಅಂಕಿ ತಿದ್ದಿ, ಪುನಃ ಒಳಗೆ ಬರೆಯುವುದು. ಬಾಷ್ ಕಂಪನಿಯ ಹಳೆಯ ಇಡಿಸಿ 15 ಇಸಿಯುವಿನ ಫೈಲ್ ಸಾಮಾನ್ಯವಾಗಿ 512 ಕಿಲೋಬೈಟ್ ಇರುತ್ತದೆ. ಆಮೇಲೆ ಬಂದ ಇಡಿಸಿ 17ರ ಫೈಲ್ ಸಾಮಾನ್ಯವಾಗಿ 2ರಿಂದ 4 ಮೆಗಾಬೈಟ್. ಅಷ್ಟರಲ್ಲಿ ತಿದ್ದುವುದು ಕೆಲವೇ ನೂರು ಅಂಕಿಗಳನ್ನು. ಆದರೆ ಒಂದೇ ಒಂದು ಅಂಕಿ ಬದಲಾದರೂ ಇಸಿಯುವಿಗೆ ಗೊತ್ತಾಗುತ್ತದೆ. ಅದಕ್ಕೆ ಕಾರಣ ಈ ಚೆಕ್‌ಸಮ್.

ಗೋಣಿ, ತೂಕ, ಚೀಟಿ

ಅಡಿಕೆ ಮಾರಲು ಕಳಿಸುವವರಿಗೆ ಇದನ್ನು ಹೊಸತಾಗಿ ಕಲಿಸಬೇಕಾಗಿಲ್ಲ. ನಾಲ್ಕು ಗೋಣಿ ತೂಗಿದ್ದೀರಿ. 65, 63, 66, 64 ಕಿಲೋ. ಒಟ್ಟು 258. ಚೀಟಿಯಲ್ಲಿ 258 ಅಂತ ಬರೆದು ಜೀಪಿನವನ ಕೈಯಲ್ಲಿ ಕೊಡುತ್ತೀರಿ. ಆ ಕಡೆ ಇಳಿಸಿಕೊಳ್ಳುವವರು ಪುನಃ ತೂಗಿ ಕೂಡಿಸುತ್ತಾರೆ. 258 ಬಂದರೆ ತಾಳೆ ಆಯಿತು. 250 ಬಂದರೆ ದಾರಿಯಲ್ಲಿ ಏನೋ ಆಗಿದೆ. ಯಾವ ಗೋಣಿಯಲ್ಲಿ ಹೆಚ್ಚುಕಮ್ಮಿ ಆಗಿದೆ ಅಂತ ಚೀಟಿ ಹೇಳುವುದಿಲ್ಲ. ಏನೋ ಆಗಿದೆ ಅಂತ ಮಾತ್ರ ಹೇಳುತ್ತದೆ.

ಚೆಕ್‌ಸಮ್ ಅಂದರೆ ಇದೇ. ಫೈಲಿನ ಅಂಕಿಗಳನ್ನೆಲ್ಲ ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಫೈಲಿನೊಳಗೇ ಒಂದು ಗೊತ್ತಾದ ಜಾಗದಲ್ಲಿ ಬರೆದಿಡುತ್ತಾರೆ. ಇಸಿಯು ಎಚ್ಚರವಾದಾಗ ಅದೇ ಲೆಕ್ಕವನ್ನು ತಾನು ಇನ್ನೊಮ್ಮೆ ಮಾಡುತ್ತದೆ. ಬರೆದಿಟ್ಟ ಉತ್ತರಕ್ಕೂ ತನ್ನ ಉತ್ತರಕ್ಕೂ ತಾಳೆ ನೋಡುತ್ತದೆ. ಕೆಲವು ಇಸಿಯುಗಳು ಗಾಡಿ ಓಡುತ್ತಿರುವಾಗಲೂ ಬಿಡುವು ಸಿಕ್ಕಾಗೆಲ್ಲ ಸ್ವಲ್ಪ ಸ್ವಲ್ಪವೇ ಎಣಿಸುತ್ತಿರುತ್ತವೆ.

ಟ್ಯೂನ್ ಮಾಡುವವರನ್ನು, ಅಂದರೆ ರೀಮ್ಯಾಪ್ ಮಾಡುವವರನ್ನು ಹಿಡಿಯಲಿಕ್ಕೇ ಇದನ್ನು ಇಟ್ಟಿದ್ದಾರೆ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಪೂರ್ತಿ ಸರಿಯಲ್ಲ. ಬಾನೆಟ್ಟಿನ ಕೆಳಗೆ ಬಿಸಿ, ಅದುರು, ತೇವ ಎಲ್ಲ ಇರುತ್ತದೆ. ವರ್ಷಗಟ್ಟಲೆ ಇದ್ದ ಮೆಮೊರಿಯಲ್ಲಿ ಎಲ್ಲೋ ಒಂದು ಅಂಕಿ ಕೆಡಬಹುದು. ಸರ್ವಿಸ್ ಸೆಂಟರಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕುವಾಗ ಬ್ಯಾಟರಿ ಇಳಿದು ಅರ್ಧಕ್ಕೇ ನಿಲ್ಲಬಹುದು. ಹಾಗೆ ಕೆಟ್ಟ ಅಂಕಿ ಡೀಸೆಲ್ ಪ್ರಮಾಣದ ಪಟ್ಟಿಯಲ್ಲಿದ್ದರೆ? ಪೆಡಲಿನಿಂದ ಕಾಲು ತೆಗೆದರೂ ಇಂಜಿನ್ ವೇಗ ಇಳಿಯದಿದ್ದರೆ? ಅಂಥ ಫೈಲನ್ನು ನಂಬಿ ಇಂಜಿನ್ ಓಡಿಸುವುದಕ್ಕಿಂತ ಓಡಿಸದಿರುವುದೇ ಲೇಸು. ಆ ಕಾಳಜಿಯಿಂದ ಹುಟ್ಟಿದ ಕಾವಲು ಇದು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ

ಕಂಪ್ಯೂಟರಿನ ಮೆಮೊರಿಯಲ್ಲಿ ಒಂದೊಂದು ಮನೆಗೆ ಬೈಟ್ ಅಂತ ಹೆಸರು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಅಂಕಿ ಹಿಡಿಯುತ್ತದೆ. 255 ದಾಟಿದರೆ ಪುನಃ 0. ಹಳೆಯ ಸ್ಕೂಟರಿನ ಮೀಟರ್ 99999 ಆದ ಮೇಲೆ ಸೊನ್ನೆಗೆ ತಿರುಗುತ್ತಿತ್ತಲ್ವಾ, ಹಾಗೆ.

ನಮ್ಮ ಫೈಲಿನಲ್ಲಿ ನಾಲ್ಕೇ ಅಂಕಿ ಇದೆ ಅಂತಿಟ್ಟುಕೊಳ್ಳಿ: 120, 45, 200, 90. ಕೂಡಿಸಿದರೆ 455. ಚೆಕ್‌ಸಮ್‌ಗೆ ಒಂದೇ ಬೈಟ್ ಜಾಗ ಇದೆ, ಹಾಗಾಗಿ 256 ಕಳೆಯಬೇಕು. ಉಳಿಯುವುದು 199. ಅದೇ ಚೀಟಿ.

ಟ್ಯೂನ್ ಮಾಡುವವರು ಕೊನೆಯ 90ನ್ನು 95 ಮಾಡಿದರು. ಈಗ ಮೊತ್ತ 460. 256 ಕಳೆದರೆ 204. ಚೀಟಿಯಲ್ಲಿ ಮಾತ್ರ ಇನ್ನೂ 199 ಇದೆ. ತಾಳೆ ಆಗಲಿಲ್ಲ.

ಸರಿಮಾಡಲು ಎರಡು ದಾರಿ. ಸುಲಭದ್ದು, ಚೀಟಿಯನ್ನೇ ತಿದ್ದುವುದು, 199 ಇದ್ದಲ್ಲಿ 204 ಬರೆಯುವುದು. ಇನ್ನೊಂದು, ಚೀಟಿಗೆ ಕೈ ಹಚ್ಚದೆ ಮೊತ್ತವನ್ನೇ ಹಿಂದಕ್ಕೆ ತರುವುದು. ಫೈಲಿನಲ್ಲಿ ಯಾವ ಕೆಲಸಕ್ಕೂ ಬಾರದ ಖಾಲಿ ಜಾಗ ಬೇಕಾದಷ್ಟು ಇರುತ್ತದೆ. ಅಲ್ಲಿ 0 ಇದ್ದ ಒಂದು ಬೈಟಿಗೆ 251 ಬರೆದರೆ ಮೊತ್ತ 711. ಎರಡು ಸಲ 256 ಕಳೆಯಿರಿ. ಮತ್ತೆ 199! ತಕ್ಕಡಿಯಲ್ಲಿ ಆ ಕಡೆ ಭಾರವಾದದ್ದಕ್ಕೆ ಈ ಕಡೆ ಒಂದು ಬಟ್ಟು ಇಟ್ಟ ಹಾಗೆ. ಎರಡೂ ದಾರಿ ನಿಜವಾದ ಇಸಿಯು ಫೈಲ್‌ಗಳಲ್ಲಿ ಬಳಕೆಯಲ್ಲಿವೆ. ಅಂಕಿಗಳು ಮಾತ್ರ ಇದಕ್ಕಿಂತ ದೊಡ್ಡವು.

ಕೂಡಿಸಿದರೆ ಸಾಲದು ಅನ್ನುವುದು ಏಕೆ?

ಗೋಣಿಗೇ ಬನ್ನಿ. ಒಂದು ಗೋಣಿಯಿಂದ ಎರಡು ಕಿಲೋ ತೆಗೆದು ಇನ್ನೊಂದಕ್ಕೆ ಹಾಕಿದರೆ ಒಟ್ಟು ಅಷ್ಟೇ. ಡಬಲ್ ಚೋಲಿನ, ಅಂದರೆ ಹಳೆಯ ಅಡಿಕೆಯ ಗೋಣಿ ಇರಬೇಕಾದಲ್ಲಿ ಅಷ್ಟೇ ತೂಕದ ಹೊಸ ಅಡಿಕೆಯ ಗೋಣಿ ಕೂತರೂ ಒಟ್ಟು ಅಷ್ಟೇ. ಚೀಟಿ ಸುಮ್ಮನಿರುತ್ತದೆ. ಬರೀ ಕೂಡಿಸುವ ಲೆಕ್ಕದ ಕೊರತೆ ಇದು. 120 ಮತ್ತು 45 ಅದಲುಬದಲಾದರೂ ಮೊತ್ತ ಬದಲಾಗುವುದಿಲ್ಲ.

ಇದಕ್ಕೆ ಪರಿಹಾರ, ಅಂಕಿಯ ಜಾಗಕ್ಕೂ ಬೆಲೆ ಕೊಡುವುದು. ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ ಗುಣಿಸಿ ಕೂಡಿಸಿ. 120, 45 ಎಂಬ ಕ್ರಮಕ್ಕೆ 210 ಬರುತ್ತದೆ. 45, 120 ಎಂಬುದಕ್ಕೆ 285. ಸಿಕ್ಕಿಬಿತ್ತು. ನಮ್ಮ ಆಧಾರ್ ಸಂಖ್ಯೆಯಲ್ಲೂ ಇಂಥ ಕಾವಲು ಇದೆ. 12 ಅಂಕಿಯಲ್ಲಿ ಕೊನೆಯದು ಉಳಿದ 11ರಿಂದ ಲೆಕ್ಕ ಹಾಕಿ ಬಂದದ್ದು. ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಕೊಟ್ಟ ವಿಧಾನ ಅದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾದರೂ ಅದಕ್ಕೆ ಗೊತ್ತಾಗುತ್ತದೆ.

ಇಸಿಯುಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಇರುವುದು ಸಿಆರ್‌ಸಿ. ಇಡೀ ಫೈಲನ್ನು ಒಂದು ದೈತ್ಯ ಸಂಖ್ಯೆ ಅಂತ ಭಾವಿಸಿ, ಗೊತ್ತುಮಾಡಿದ ಒಂದು ಸಂಖ್ಯೆಯಿಂದ ವಿಶೇಷ ರೀತಿಯಲ್ಲಿ ಭಾಗಿಸುತ್ತಾರೆ. ಉಳಿಯುವ ಶೇಷವೇ ಚೀಟಿ. ನಾಲ್ಕು ಬೈಟ್, ಅಂದರೆ 32 ಬಿಟ್‌ನ ಸಿಆರ್‌ಸಿಯಲ್ಲಿ ಸುಮಾರು 429 ಕೋಟಿ ಬೇರೆ ಬೇರೆ ಶೇಷ ಸಾಧ್ಯ. ಕೆಟ್ಟ ಫೈಲ್ ಒಂದು ಅಕಸ್ಮಾತ್ ಸರಿ ಅಂತ ತೋರುವುದು ಬಹಳ ಅಪರೂಪ. ಮೇಲಿನ ನಮ್ಮ ಒಂದು ಬೈಟಿನ ಚೀಟಿಯಲ್ಲಾದರೆ ಆ ಅಪಾಯ 256ರಲ್ಲಿ ಒಂದು.

ಒಂದು ಚೀಟಿಯಲ್ಲ, ಹತ್ತಾರು

ರೀಮ್ಯಾಪ್ ಕೆಲಸ ಕಷ್ಟವಾಗುವುದು ಇಲ್ಲಿ. ಫೈಲಿಗೆ ಒಂದೇ ಚೆಕ್‌ಸಮ್ ಇದ್ದರೆ ಯಾರು ಬೇಕಾದರೂ ಸರಿಮಾಡಬಹುದಿತ್ತು. ಆದರೆ ಇಸಿಯು ತಯಾರಿಸುವವರು ಫೈಲನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಬೇರೆ ಚೀಟಿ ಇಡುತ್ತಾರೆ. ಫೋಕ್ಸ್‌ವ್ಯಾಗನ್ ಬಳಗದ 1.8 ಟರ್ಬೊ ಪೆಟ್ರೋಲ್ ಕಾರುಗಳಲ್ಲಿದ್ದ ಬಾಷ್ ಎಂಇ 7 ಇಸಿಯು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಇಡೀ ಫೈಲಿಗೆ ಒಂದು ಮೊತ್ತ ಇದೆ. ಅದಲ್ಲದೆ ಹತ್ತಾರು ಸಣ್ಣ ತುಂಡುಗಳಿಗೆ ಪ್ರತ್ಯೇಕ ಮೊತ್ತ ಇದೆ. ಒಂದೊಂದು ಮೊತ್ತದ ಪಕ್ಕದಲ್ಲೇ ಅದರ ತಲೆಕೆಳಗಾದ ರೂಪವನ್ನೂ ಬರೆದಿಟ್ಟಿರುತ್ತಾರೆ. ಚೀಟಿಯೇ ಕೆಟ್ಟುಹೋಗಿದ್ದರೆ ಅದೂ ತಿಳಿಯಲಿ ಅಂತ.

ಈ ಚೀಟಿಗಳು ಒಂದರೊಳಗೆ ಒಂದು ಇರುತ್ತವೆ. ಸಣ್ಣ ತುಂಡಿನ ಚೀಟಿ ತಿದ್ದಿದರೆ ಅದನ್ನೂ ಸೇರಿಸಿ ಎಣಿಸುವ ದೊಡ್ಡ ಚೀಟಿ ತಪ್ಪಾಗುತ್ತದೆ. ಹಾಗಾಗಿ ಒಳಗಿನದನ್ನು ಮೊದಲು, ಹೊರಗಿನದನ್ನು ಆಮೇಲೆ ಸರಿಮಾಡಬೇಕು. ಎಲ್ಲ ತಿದ್ದುಪಡಿ ಮುಗಿದ ಮೇಲೆ ಕಟ್ಟಕಡೆಗೆ ಮಾಡಬೇಕಾದ ಕೆಲಸ ಇದು. ಸೊಸೈಟಿಯ ಲೆಕ್ಕ ಬರೆಯುವವರು ದಿನದ ಮೊತ್ತ ಸರಿಮಾಡದೆ ತಿಂಗಳ ಮೊತ್ತಕ್ಕೆ ಹೋಗುತ್ತಾರಾ? ಇಲ್ಲ. ತಿಂಗಳ ಲೆಕ್ಕ ಮುಚ್ಚಿದ ಮೇಲೆ ಹಿಂದಿನ ಒಂದು ರಸೀದಿ ತಿದ್ದಿದರೆ ಎರಡನ್ನೂ ಪುನಃ ಬರೆಯಬೇಕು.

ಯಾವ ತುಂಡು ಎಲ್ಲಿ ಶುರು, ಎಲ್ಲಿ ಕೊನೆ, ಯಾವ ಬಗೆಯ ಲೆಕ್ಕ, ಉತ್ತರ ಎಲ್ಲಿದೆ ಎಂಬುದು ಇಸಿಯುವಿನಿಂದ ಇಸಿಯುವಿಗೆ ಬೇರೆ. ಕೆಲವು ಸಲ ಒಂದೇ ಇಸಿಯುವಿನ ಎರಡು ಸಾಫ್ಟ್‌ವೇರ್ ಆವೃತ್ತಿಗಳಿಗೂ ಬೇರೆ. ಇದನ್ನೆಲ್ಲ ಕೈಯಿಂದ ಮಾಡುವವರು ಈಗ ಕಡಿಮೆ. ವಿನ್‌ಓಎಲ್‌ಎಸ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ಇಸಿಯು ಬಳಗಕ್ಕೊಂದರಂತೆ ಚೆಕ್‌ಸಮ್ ಮಾಡ್ಯೂಲ್ ಸಿಗುತ್ತದೆ. ಫೈಲ್ ಬರೆಯುವ ಹಲವು ಉಪಕರಣಗಳು ಬರೆಯುವ ಮೊದಲು ತಾವೇ ಸರಿಮಾಡಿಬಿಡುತ್ತವೆ. ಆದರೆ ಎಲ್ಲ ಉಪಕರಣವೂ ಎಲ್ಲ ಇಸಿಯುವಿಗೂ ಮಾಡುವುದಿಲ್ಲ. ಅಗ್ಗದ ನಕಲಿ ಉಪಕರಣ ಆದರಂತೂ ಅದು ಸರಿಮಾಡಿದ್ದೇನೆ ಅಂತ ತೋರಿಸಿದ್ದನ್ನು ಹಾಗೇ ನಂಬಬಾರದು ಅಂತ ನಾನು ಖಂಡಿತ ಹೇಳುತ್ತೇನೆ.

ಸಹಿ ಬೇರೆ, ಮೊತ್ತ ಬೇರೆ

ಮೊತ್ತ ಮತ್ತು ಸಿಆರ್‌ಸಿಗೆ ಗುಟ್ಟು ಇಲ್ಲ. ಲೆಕ್ಕದ ವಿಧಾನ ಗೊತ್ತಿದ್ದವರು ಹೊಸ ಚೀಟಿ ಬರೆಯಬಹುದು. ಹೊಸ ಇಸಿಯುಗಳಲ್ಲಿ ಅದರ ಮೇಲೆ ಡಿಜಿಟಲ್ ಸಹಿಯೂ ಇರುತ್ತದೆ. ಇದರಲ್ಲಿ ಹೆಸರುವಾಸಿಯಾದದ್ದು ಆರ್‌ಎಸ್‌ಎ, 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕೊಟ್ಟದ್ದು. ಸಹಿ ಹಾಕುವ ಗುಟ್ಟಿನ ಕೀಲಿ ತಯಾರಕರ ಹತ್ತಿರ ಮಾತ್ರ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಕಾರಿನ ಇಸಿಯುವಿನಲ್ಲಿ. ಸಹಿ ಅಸಲಿಯೋ ನಕಲಿಯೋ ಅಂತ ಇಸಿಯು ಹೇಳಬಲ್ಲದು, ತಾನೇ ಸಹಿ ಹಾಕಲಾರದು. ಅಂಥ ಫೈಲಿನಲ್ಲಿ ಒಂದು ಅಂಕಿ ತಿದ್ದಿದರೂ ಹೊಸ ಸಹಿ ಬೇಕು, ಆ ಸಹಿ ಯಾವ ಗ್ಯಾರೇಜಿನಲ್ಲೂ ಹುಟ್ಟುವುದಿಲ್ಲ. ಅದಕ್ಕೇ ಟ್ಯೂನರ್‌ಗಳು ಇಂಥ ಇಸಿಯುವನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಪರೀಕ್ಷೆ ಮಾಡುವ ಭಾಗವನ್ನೇ ಬದಲಾಯಿಸಲು ನೋಡುತ್ತಾರೆ. ಹೊಸ ಕಾರಿಗೆ "ಇಸಿಯು ಬಿಚ್ಚಬೇಕಾಗುತ್ತದೆ" ಅಂತ ಯಾರಾದರೂ ಹೇಳಿದರೆ ಹಿಂದಿರುವ ಕಾರಣ ಹೆಚ್ಚಾಗಿ ಇದೇ.

ತಾಳೆ ಆಗದಿದ್ದರೆ ಕಾರು ಏನು ಮಾಡುತ್ತದೆ?

ಎಲ್ಲ ಕಾರೂ ಒಂದೇ ತರ ವರ್ತಿಸುವುದಿಲ್ಲ. ಕೆಲವು ಸ್ಟಾರ್ಟೇ ಆಗುವುದಿಲ್ಲ. ಕೆಲವು ಸ್ಟಾರ್ಟ್ ಆಗಿ ಕೂಡಲೇ ನಿಲ್ಲುತ್ತವೆ. ಕೆಲವು ಎಳೆತ ತಗ್ಗಿಸಿ ಹೇಗೋ ಮನೆ ಮುಟ್ಟುವಷ್ಟು ಮಾತ್ರ ಓಡುತ್ತವೆ. ಚೆಕ್ ಇಂಜಿನ್ ದೀಪ ಹತ್ತಿದ್ದರೆ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿ. ಮೆಮೊರಿಯ ಚೆಕ್‌ಸಮ್ ತಪ್ಪಿಗೆ ಎಲ್ಲ ಕಂಪನಿಗೂ ಸಾಮಾನ್ಯವಾದ ಕೋಡ್ ಇದೆ, ಪಿ 0601. ರೀಮ್ಯಾಪ್ ಮಾಡಿಸದ ಕಾರಿನಲ್ಲಿ ಈ ಕೋಡ್ ಬಂದರೆ ಇಸಿಯುವೇ ಕೆಡುತ್ತಿರಬಹುದು, ಇಲ್ಲವೇ ಅದಕ್ಕೆ ಹೋಗುವ ಕರೆಂಟಿನಲ್ಲಿ ತೊಂದರೆ ಇರಬಹುದು. ಮಾಡಿಸಿದ ಮರುಕ್ಷಣ ಬಂದರೆ ಫೈಲಿನ ಕಡೆ ನೋಡಬೇಕು.

ಹೀಗೆ ನಿಂತ ಇಸಿಯು ಸತ್ತೇಹೋಯಿತು ಅಂತ ಗಾಬರಿ ಬೇಡ. ಅದರಲ್ಲಿ ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಂ ಬೇರೆಯೇ ಇರುತ್ತದೆ. ಮನೆಗೆ ಬೀಗ ಬಿದ್ದರೂ ಹೊರಗೆ ಜಗಲಿಯಲ್ಲಿ ಕೂತಿರುವವರ ಹಾಗೆ ಅದು. ಮುಖ್ಯ ಫೈಲ್ ತಾಳೆ ಆಗದಿದ್ದರೂ, ಹೊಸ ಫೈಲ್ ಕೊಟ್ಟರೆ ಹೆಚ್ಚಿನ ಸಲ ತೆಗೆದುಕೊಳ್ಳುತ್ತದೆ. ಅದಕ್ಕೂ ಉತ್ತರ ಬಾರದಿದ್ದರೆ ಮಾತ್ರ ಬಿಚ್ಚಿ ಬೆಂಚಿನ ಮೇಲೆ ಬರೆಯಬೇಕಾಗುತ್ತದೆ. ಯಾವುದೇ ದಾರಿಯಾದರೂ ಕೈಯಲ್ಲಿ ಒರಿಜಿನಲ್ ಫೈಲ್ ಇರಬೇಕು.

ಭಾವನ ಕಾರಿನಲ್ಲಿ ಆದದ್ದು

ಮನೆಗೆ ಬಂದ ಹುಡುಗ ಫೈಲ್ ತಿದ್ದಿರಲಿಲ್ಲ. ಕಾರಿನಿಂದ ಫೈಲ್ ತೆಗೆದು ಬೇರೆ ಊರಿನ ಟ್ಯೂನರಿಗೆ ನೆಟ್ಟಿನಲ್ಲಿ ಕಳಿಸಿದ್ದ. ಅವರು ತಿದ್ದಿ ವಾಪಸ್ ಕಳಿಸಿದ್ದನ್ನು ಕಾರಿಗೆ ಬರೆದಿದ್ದ. ಈಗ ಎಷ್ಟೋ ಕಡೆ ಕೆಲಸ ನಡೆಯುವುದು ಹೀಗೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಚೆಕ್‌ಸಮ್ ಯಾರು ಸರಿಮಾಡಬೇಕು ಎಂಬ ಮಾತೇ ಇಬ್ಬರ ನಡುವೆ ಆಗಿರಲಿಲ್ಲ. ಫೈಲ್ ಮಾಡಿದವರು ಬರೆಯುವ ಉಪಕರಣ ಸರಿಮಾಡುತ್ತದೆ ಅಂದುಕೊಂಡರು. ಹುಡುಗ ಫೈಲ್ ಮಾಡಿದವರೇ ಸರಿಮಾಡಿ ಕಳಿಸಿದ್ದಾರೆ ಅಂದುಕೊಂಡ. ಅವನ ಉಪಕರಣ ಆ ಇಸಿಯುವಿಗೆ ಚೆಕ್‌ಸಮ್ ಮಾಡುತ್ತಿರಲಿಲ್ಲ.

ನಾಲ್ಕನೇ ದಿನ ಚೆಕ್‌ಸಮ್ ಸರಿಮಾಡಿದ ಫೈಲ್ ಬಂತು. ಈ ಸಲ ಬ್ಯಾಟರಿಗೆ ಚಾರ್ಜರ್ ಹಚ್ಚಿಯೇ ಬರೆದ. ಬೂಟ್‌ಲೋಡರ್ ಉತ್ತರ ಕೊಡುತ್ತಿದ್ದುದರಿಂದ ಇಸಿಯು ಬಿಚ್ಚಬೇಕಾಗಲಿಲ್ಲ. ಕೀ ತಿರುಗಿಸಿದ ಕೂಡಲೇ ಇಂಜಿನ್ ಹಿಡಿಯಿತು. ಭಾವನ ಮುಖ ಅರಳಿತು.

ತಾಳೆ ಆದ ಮಾತ್ರಕ್ಕೆ ಅಡಿಕೆ ಒಳ್ಳೆಯದು ಅಂತಲ್ಲ

ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. 258 ಕಿಲೋ ತಾಳೆ ಆಯಿತು ಅಂದರೆ ದಾರಿಯಲ್ಲಿ ತೂಕ ಬದಲಾಗಿಲ್ಲ ಅಂತ. ಗೋಣಿಯೊಳಗಿನ ಅಡಿಕೆ ಬೂಸಲು ಹಿಡಿದಿಲ್ಲ ಅಂತಲ್ಲ. ಚೆಕ್‌ಸಮ್ ಕೂಡ ಹಾಗೆ. ಬರೆದದ್ದು ಬರೆದ ಹಾಗೇ ಇದೆ ಅಂತ ಮಾತ್ರ ಅದು ಹೇಳುತ್ತದೆ. ಬರೆದದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ಡೀಸೆಲ್ ಎರಡು ಪಟ್ಟು ಚಿಮ್ಮುವ ಹಾಗೆ ಬರೆದು ಚೀಟಿ ಸರಿಮಾಡಿದರೂ ತಾಳೆ ಆಗುತ್ತದೆ.

2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಹೊರಗೆ ಬಂತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಒಂದು ತರ, ರಸ್ತೆಯಲ್ಲಿ ಇನ್ನೊಂದು ತರ ನಡೆದುಕೊಳ್ಳುವ ಸಾಫ್ಟ್‌ವೇರ್ ಇತ್ತು. ಅದು ಕಂಪನಿಯೇ ಹಾಕಿ ಕಳಿಸಿದ ಸಾಫ್ಟ್‌ವೇರ್. ಹಾಗಾಗಿ ತಾಳೆ ನೋಡುವ ಯಾವ ಕಾವಲಿಗೂ ಅದರಲ್ಲಿ ತಪ್ಪು ಕಾಣುವ ಹಾಗಿರಲಿಲ್ಲ.

ಇದೇ ಲೆಕ್ಕವನ್ನು ಹೊರಗಿನವರು ಬಳಸುವುದೂ ಇದೆ. ಹೊಸ ಕಾರುಗಳು ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ಟಿನ ಮೂಲಕ ತಮ್ಮ ಸಾಫ್ಟ್‌ವೇರಿನ ಹೆಸರು ಮತ್ತು ಸಿವಿಎನ್ ಎಂಬ ತಾಳೆ ಸಂಖ್ಯೆ ಹೇಳುತ್ತವೆ. ಹೊಗೆಗೆ ಸಂಬಂಧಿಸಿದ ಅಂಕಿ ತಿದ್ದಿದರೆ ಆ ಸಂಖ್ಯೆ ಬದಲಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈ 19ರಿಂದ ಹೊಗೆ ಪರೀಕ್ಷೆಯ ವೇಳೆ ಸಾಫ್ಟ್‌ವೇರ್ ಬದಲಾಗಿದೆಯೇ ಅಂತಲೂ ನೋಡುತ್ತಿದ್ದಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಮೂಲತಃ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ವಾರಂಟಿ ಇರುವ ಕಾರಾದರೆ ಅದನ್ನೂ ಯೋಚಿಸಬೇಕು.

ಭಾವನ ಕಾರಿಗೆ ಎಳೆತ ಬಂದದ್ದು ನಿಜ. ಆದರೆ ಬದಿಯಡ್ಕಕ್ಕೆ ಹೋಗುವಾಗ ಏರಿನಲ್ಲಿ ಪೆಡಲ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಹೊಗೆ ತಡೆಯುವ ಪಟ್ಟಿಯ ಅಂಕಿಯನ್ನು ಗಾಳಿಯ ಲೆಕ್ಕ ನೋಡದೆ ಏರಿಸಿದ್ದರು. ಸ್ಕ್ಯಾನರಿನಲ್ಲಿ ಒಂದೂ ಕೋಡ್ ಇರಲಿಲ್ಲ, ಚೆಕ್‌ಸಮ್ ಎಲ್ಲ ತಾಳೆ. ಹಿಂದಿನಿಂದ ಬರುತ್ತಿದ್ದ ಸ್ಕೂಟರಿನವರು ಮೂಗು ಮುಚ್ಚಿಕೊಂಡದ್ದನ್ನು ಕನ್ನಡಿಯಲ್ಲಿ ಕಂಡ ದಿನವೇ ಭಾವ ಹುಡುಗನನ್ನು ಕರೆಸಿ ಒರಿಜಿನಲ್ ಫೈಲ್ ವಾಪಸ್ ಬರೆಸಿದರು. ಪುಣ್ಯಕ್ಕೆ ಅವನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಅದರ ಒಂದು ಪ್ರತಿ ಈಗ ಪೆನ್ ಡ್ರೈವಿನಲ್ಲಿ ಭಾವನ ಕಪಾಟಿನಲ್ಲಿದೆ, ಕಾರಿನ ಆರ್‌ಸಿಯ ಜೊತೆ.